ಮಗುವಿನ ಮೂಗು ಕಟ್ಟಿದಾಗ

ಆಟಿ ತಿಂಗಳು. ಹೊರಗೆ ಜೋರು ಮಳೆ. ಕಂಕನಾಡಿ ಮಾರ್ಕೆಟಿನ ಹತ್ತಿರ ಒಂದು ಬಾಡಿಗೆ ಮನೆ ಎಂದು ಇಟ್ಟುಕೊಳ್ಳೋಣ. ರಾತ್ರಿ ಎರಡು ಗಂಟೆ. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಐದು ವಾರದ ಮಗು ಮೊಲೆ ಬಾಯಿಗೆ ತೆಗೆದುಕೊಳ್ಳುತ್ತದೆ. ಎರಡು ಗುಟುಕು ಕುಡಿಯುತ್ತದೆ. ಬಿಟ್ಟು ಅಳುತ್ತದೆ. ಪುನಃ ಹಿಡಿಯುತ್ತದೆ, ಪುನಃ ಬಿಡುತ್ತದೆ. ಮೂಗಿನಲ್ಲಿ ಗೊರ ಗೊರ ಶಬ್ದ.

"ಅತ್ತೆ, ಇದಕ್ಕೆ ಹಾಲು ಕುಡಿಲಿಕ್ಕೇ ಆಗ್ತಾ ಇಲ್ಲ. ಎಂತ ಮಾಡುವುದು?"

"ಮೂಗಿಗೆ ಎರಡು ಹನಿ ತೆಂಗಿನೆಣ್ಣೆ ಬಿಡು. ನಿನ್ನ ಗಂಡನಿಗೂ ನಾನು ಹಾಗೇ ಮಾಡಿದ್ದು."

ಅಷ್ಟರಲ್ಲಿ ಗಂಡ ಕಪಾಟಿನಿಂದ ತನ್ನ ಮೂಗಿನ ಡ್ರಾಪ್ಸ್ ಹಿಡಿದುಕೊಂಡು ಬಂದ. ಪಕ್ಕದ ಮನೆ ಅಕ್ಕ ಕರ್ಪೂರ ಹಾಕಿದ ಎಣ್ಣೆ ಎದೆಗೆ ಹಚ್ಚಲಿಕ್ಕೆ ಹೇಳಿದ್ದಳು. ಮೂವರಿಗೂ ಮಗುವಿನ ಮೇಲೆ ಪ್ರೀತಿಯೇ. ಆದರೆ ಆ ಮೂರೂ ಬೇಡ. ಆ ಹೊತ್ತಿಗೆ ಬೇಕಾದದ್ದು ಎರಡು ಹನಿ ಉಪ್ಪು ನೀರು, ಒಂದು ಮೆತ್ತನೆಯ ಬಟ್ಟೆ, ತಾಯಿಯ ಹಾಲು.

ಇಷ್ಟು ಸಾಕಾ ಎಂದು ನೀವು ಕೇಳಬಹುದು. ಹೆಚ್ಚಿನ ಸಲ ಸಾಕು. ಯಾವಾಗ ಸಾಲದು ಎನ್ನುವುದನ್ನೂ ಮುಂದೆ ಹೇಳುತ್ತೇವೆ.

ಮೂಗು ಕಟ್ಟುವುದು ಯಾಕೆ?

ನಮಗೆ ಮೂಗು ಕಟ್ಟಿದರೆ ಬಾಯಿಯಿಂದ ಉಸಿರಾಡುತ್ತೇವೆ. ಸಣ್ಣ ಮಗುವಿಗೆ ಅದು ಸರಿಯಾಗಿ ಬರುವುದಿಲ್ಲ. ಮೊದಲ ಕೆಲವು ತಿಂಗಳು ಅದು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಹಾಲು ಕುಡಿಯುವಾಗಂತೂ ಬಾಯಿಗೆ ಬಿಡುವಿಲ್ಲ. ಹಾಗಾಗಿ ಮೂಗು ಕಟ್ಟಿದರೆ ಮೊದಲು ಕೆಡುವುದು ಹಾಲು ಕುಡಿಯುವುದು.

ಮಗುವಿನ ಮೂಗಿನ ದಾರಿ ಬಹಳ ಸಣ್ಣದು. ಸ್ವಲ್ಪ ಸಿಂಬಳ ಇದ್ದರೂ ದೊಡ್ಡ ಶಬ್ದ ಬರುತ್ತದೆ. ಹುಟ್ಟಿದ ಮಗು ದಿನಕ್ಕೆ ನಾಲ್ಕಾರು ಸಲ ಸೀನುತ್ತದೆ. ಅದು ಶೀತ ಅಲ್ಲ, ಮೂಗು ಸ್ವಚ್ಛ ಮಾಡಿಕೊಳ್ಳುವ ಕೆಲಸ. ಹಾಲು ಚೆನ್ನಾಗಿ ಕುಡಿಯುತ್ತದೆ, ನಿದ್ದೆ ಮಾಡುತ್ತದೆ, ಉಸಿರು ಆರಾಮವಾಗಿದೆ ಎಂದಾದರೆ ಬರೀ ಗೊರ ಗೊರ ಶಬ್ದಕ್ಕೆ ಏನೂ ಮಾಡಬೇಕಾಗಿಲ್ಲ.

ನಿಜವಾದ ಶೀತ ಬರುವುದು ವೈರಸ್ ಎಂಬ ರೋಗಾಣುವಿನಿಂದ. ತಲೆಗೆ ಸ್ನಾನ ಮಾಡಿಸಿದ್ದರಿಂದ ಅಲ್ಲ. ತಾಯಿ ಎಳನೀರು ಕುಡಿದದ್ದರಿಂದಲೂ ಅಲ್ಲ. ಪಾಪ, ಬಾಣಂತಿಯ ಬಾಯಿಗೆ ಎಷ್ಟು ಬೀಗ! ಮನೆಯಲ್ಲಿ ಯಾರಿಗೋ ನೆಗಡಿ ಇರುತ್ತದೆ. ಅವರು ಕೈ ತೊಳೆಯದೆ ಮಗುವನ್ನು ಎತ್ತುತ್ತಾರೆ, ಮುತ್ತು ಕೊಡುತ್ತಾರೆ. ಅಲ್ಲಿಂದ ಮಗುವಿಗೆ ಬರುತ್ತದೆ. ಶೀತ ಇಳಿಯಲಿಕ್ಕೆ ಒಂದು ವಾರ, ಹತ್ತು ದಿನ ಬೇಕು. ನಡುವೆ ಸಿಂಬಳ ದಪ್ಪವಾಗಿ ಹಳದಿ ಆದರೆ ಅಷ್ಟಕ್ಕೇ ಹೆದರಬೇಡಿ.

ಉಪ್ಪು ನೀರಿನ ಹನಿ

ಔಷಧಿ ಅಂಗಡಿಯಲ್ಲಿ ಮಕ್ಕಳಿಗೆಂದೇ ಉಪ್ಪು ನೀರಿನ ಡ್ರಾಪ್ಸ್ ಸಿಗುತ್ತದೆ. ಸಲೈನ್ ಡ್ರಾಪ್ಸ್ ಎಂದು ಕೇಳಿ. ಎಳೆ ಮಗುವಿಗೆ ಅದೇ ಒಳ್ಳೆಯದು. ಯಾಕೆಂದರೆ ಅದರಲ್ಲಿ ರೋಗಾಣು ಇರುವುದಿಲ್ಲ, ಉಪ್ಪಿನ ಅಳತೆಯೂ ಸರಿ ಇರುತ್ತದೆ. ಬಾಟಲಿಯ ಮೇಲೆ ಹೆಚ್ಚಾಗಿ ಇಂಗ್ಲಿಷ್ ಬರಹ ಇರುತ್ತದೆ. ಓದಲಿಕ್ಕೆ ಆಗದಿದ್ದರೆ ಅಂಗಡಿಯವರಿಂದಲೇ ಓದಿಸಿ. ನಾಚಿಕೆ ಬೇಡ. ಅದರಲ್ಲಿ "ಸೋಡಿಯಂ ಕ್ಲೋರೈಡ್" ಎಂದು ಮಾತ್ರ ಇರಬೇಕು. ಸೋಡಿಯಂ ಕ್ಲೋರೈಡ್ ಎಂದರೆ ನಮ್ಮ ಅಡುಗೆ ಉಪ್ಪೇ. ತಾರೀಖು ದಾಟಿದೆಯಾ ಎಂದೂ ನೋಡಿ. ಅಂಕಿ ಓದಲು ಈಗ ನಮಗೆ ಯಾರೂ ಬೇಕಾಗಿಲ್ಲ.

ರಾತ್ರಿ ಅಂಗಡಿ ಇಲ್ಲ, ಕೈಯಲ್ಲಿ ಡ್ರಾಪ್ಸ್ ಇಲ್ಲ. ಆಗ ಮನೆಯಲ್ಲೇ ಮಾಡಬಹುದು. ಅರ್ಧ ಲೀಟರ್ ನೀರನ್ನು ಕುದಿಸಿ. ಚೆನ್ನಾಗಿ ಕುದಿಯಲಿ. ಮುಚ್ಚಿಟ್ಟು ತಣಿಸಿ. ಔಷಧಿ ಬಾಟಲಿ ಜೊತೆ ಬರುವ 5 ಮಿ.ಲೀ. ಚಮಚ ಇದೆಯಲ್ಲ, ಅದರಲ್ಲಿ ಮುಕ್ಕಾಲು ಚಮಚ ಪುಡಿ ಉಪ್ಪು ಹಾಕಿ ಕರಗಿಸಿ. ಕಲ್ಲುಪ್ಪು ಬೇಡ, ಅದರ ಅಳತೆ ಸಿಗುವುದಿಲ್ಲ. ಸ್ವಲ್ಪ ಬೇರೆ ಚಮಚದಲ್ಲಿ ತೆಗೆದು ನಾಲಿಗೆಗೆ ಹಾಕಿ ನೋಡಿ. ಕಣ್ಣೀರಿನಷ್ಟೇ ಉಪ್ಪಿರಬೇಕು. ಹೆಚ್ಚಾದರೆ ಮೂಗು ಉರಿಯುತ್ತದೆ. ಚೆಲ್ಲಿ ಬೇರೆ ಮಾಡಿ. ಹನಿ ಹಾಕುವ ಡ್ರಾಪರನ್ನೂ ನೀರಿನಲ್ಲಿ ಕುದಿಸಿ. ಇವತ್ತು ಮಾಡಿದ ನೀರು ನಾಳೆಗೆ ಬೇಡ.

ಈಗ ಹಾಕುವ ಕ್ರಮ. ಹಾಲು ಕೊಡುವುದಕ್ಕೆ ಹತ್ತು ನಿಮಿಷ ಮೊದಲು ಸಾಬೂನಿನಲ್ಲಿ ಕೈ ತೊಳೆಯಿರಿ. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಲಿ. ಒಂದೊಂದು ಹೊಳ್ಳೆಗೆ ಒಂದು ಅಥವಾ ಎರಡು ಹನಿ ಬಿಡಿ. ಒಂದು ನಿಮಿಷ ಕಾಯಿರಿ. ಆಮೇಲೆ ಹೆಗಲಿಗೆ ಎತ್ತಿಕೊಳ್ಳಿ. ಮಗು ಅಳಬಹುದು, ಸೀನಬಹುದು. ಸೀನಿದರೆ ಒಳ್ಳೆಯದೇ, ಸಡಿಲವಾದ ಸಿಂಬಳ ಹೊರಗೆ ಬರುತ್ತದೆ. ಹಳೆಯ ಪಂಚೆಯ ಒಗೆದ ತುಂಡನ್ನು ಬತ್ತಿಯ ಹಾಗೆ ಹೊಸೆದು, ಹೊಳ್ಳೆಯ ಬಾಯಲ್ಲಿ ಕಂಡದ್ದನ್ನು ಮಾತ್ರ ತೆಗೆಯಿರಿ. ಒಳಗೆ ತೂರಿಸಬೇಡಿ. ಹತ್ತಿ ಸುತ್ತಿದ ಕಡ್ಡಿ ಬೇಡವೇ ಬೇಡ.

ಸಿಂಬಳ ಎಳೆಯುವ ರಬ್ಬರ್ ಬಲ್ಬ್ ಕೂಡ ಸಿಗುತ್ತದೆ. ಮೊದಲು ಹೊರಗೆ ಒತ್ತಿ ಹಿಡಿದು, ತುದಿಯನ್ನು ಹೊಳ್ಳೆಯ ಬಾಯಿಗೆ ಇಟ್ಟು, ಮೆಲ್ಲ ಬಿಡಬೇಕು. ದಿನಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಎಳೆದೆಳೆದು ಮೂಗಿನ ಒಳಗೆ ಬಾತುಕೊಂಡರೆ ಇನ್ನಷ್ಟು ಕಟ್ಟುತ್ತದೆ.

ಶೀತ ಇದ್ದರೂ ಎದೆಹಾಲು ನಿಲ್ಲಿಸಬಾರದು. ಒಂದೇ ಸಲ ಹೆಚ್ಚು ಕುಡಿಯಲು ಆಗದು. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೊಡಿ. ಮಗುವಿನ ತಲೆ ಎತ್ತರದಲ್ಲಿ ಇರಲಿ. ಎಳೆಯಲಿಕ್ಕೆ ಆಯಾಸವಾದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ. ಮಲಗಿಸುವಾಗ ಅಂಗಾತವಾಗಿಯೇ ಮಲಗಿಸಿ. ತಲೆಯಡಿಗೆ ದಿಂಬು ಇಡಬೇಡಿ, ಕುತ್ತಿಗೆ ಮಡಿಸಿ ಉಸಿರಿಗೆ ಇನ್ನಷ್ಟು ಕಷ್ಟವಾಗುತ್ತದೆ.

ಅಜ್ಜಿಯ ಎಣ್ಣೆ, ಅಪ್ಪನ ಡ್ರಾಪ್ಸ್

ಅಜ್ಜಿಯಂದಿರು ಹೇಳಿದ್ದೆಲ್ಲ ತಪ್ಪಲ್ಲ. ಮಗುವನ್ನು ಬೆಚ್ಚಗೆ ಇಡು, ಎದೆಗೆ ಅಪ್ಪಿಕೊ ಎನ್ನುವುದು ಅವರೇ. ಮೈಗೆ ಎಣ್ಣೆ ಹಚ್ಚಿ ಮೀಯಿಸಲಿ. ಮೂಗಿನ ಒಳಗೆ ಮಾತ್ರ ಬೇಡ. ಎಣ್ಣೆ ನೀರಿನ ಹಾಗೆ ಅಲ್ಲ. ನೀರು ಶ್ವಾಸಕೋಶದ ಕಡೆಗೆ ಹೋದರೆ ಕೆಮ್ಮು ಬರುತ್ತದೆ. ಎಣ್ಣೆ ಕೆಮ್ಮು ಬಾರದ ಹಾಗೆ ಮೆಲ್ಲ ಜಾರಿ ಇಳಿಯುತ್ತದೆ. ಅಲ್ಲೇ ಉಳಿಯುತ್ತದೆ. ಅದರಿಂದ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ಇವತ್ತು ಬಿಟ್ಟ ಎಣ್ಣೆಗೆ ಕಾಯಿಲೆ ತಿಂಗಳ ನಂತರ ಕಾಣಬಹುದು. ಆಗ ಎಣ್ಣೆಯ ನೆನಪು ಯಾರಿಗೂ ಇರುವುದಿಲ್ಲ. ಮೀಯಿಸುವಾಗ ಮೂಗಿಗೆ ಬಾಯಿ ಇಟ್ಟು ಊದುವುದೂ, ಬಾಯಿಂದ ಎಳೆಯುವುದೂ ಬೇಡ. ನಮ್ಮ ಬಾಯಿಯ ರೋಗಾಣು ನೇರ ಮಗುವಿಗೆ ಹೋಗುತ್ತದೆ.

ಅತ್ತೆಗೆ ಎದುರು ಮಾತಾಡುವುದು ಹೇಗೆ? ಇದು ನಮಗೆಲ್ಲ ಗೊತ್ತಿರುವ ಕಷ್ಟ. ನಮ್ಮ ಗುಂಪಿನಲ್ಲಿ ಒಬ್ಬಳು ಒಂದು ದಾರಿ ಕಂಡುಕೊಂಡಳು. "ಅತ್ತೆ, ನೀವೇ ಹಿಡ್ಕೊಳ್ಳಿ, ನಿಮ್ಮ ಕೈಯಲ್ಲಿ ಅದು ಅಳುವುದಿಲ್ಲ. ನಾನು ಉಪ್ಪು ನೀರು ಬಿಡ್ತೇನೆ" ಎಂದಳಂತೆ. ಈಗ ಆ ಅತ್ತೆಯೇ ಬೇರೆಯವರಿಗೆ ಉಪ್ಪು ನೀರು ಹೇಳಿಕೊಡುತ್ತಾರೆ.

ಅಪ್ಪನ ಡ್ರಾಪ್ಸ್ ಎಣ್ಣೆಗಿಂತಲೂ ಬೇಗ ತೊಂದರೆ ಕೊಡಬಹುದು. ದೊಡ್ಡವರ ಮೂಗಿನ ಡ್ರಾಪ್ಸಿನಲ್ಲಿ ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಎಂಬ ಔಷಧಿ ಇರುತ್ತದೆ. ಅದು ಮಗುವಿನ ರಕ್ತಕ್ಕೆ ಸೇರಿದರೆ ಮಗು ಮಂಕಾಗಬಹುದು, ಉಸಿರು ನಿಧಾನವಾಗಬಹುದು. ಎರಡು ಬಾಟಲಿಗಳೂ ನೋಡಲು ಒಂದೇ ತರಹ. ಬೇರೆ ಬೇರೆ ಕಡೆ ಇಡಿ.

ಕರ್ಪೂರ, ನೋವಿನ ಮುಲಾಮು, ವಿಕ್ಸ್ ಇವು ಎರಡು ವರ್ಷದೊಳಗಿನ ಮಗುವಿಗೆ ಬೇಡ. ಕರ್ಪೂರ ಮೈಗೆ ಸೇರಿದರೆ ಫಿಟ್ಸ್ ಬರಬಹುದು. ಬಜೆ, ತುಳಸಿ, ದೊಡ್ಡಪತ್ರೆ ರಸ ಯಾವುದನ್ನೂ ಆರು ತಿಂಗಳವರೆಗೆ ಬಾಯಿಗೆ ಹಾಕಬೇಡಿ. ಜೇನು ಒಂದು ವರ್ಷ ತುಂಬುವವರೆಗೂ ಬೇಡ. ಬಿಸಿ ನೀರಿನ ಹಬೆ ಹಿಡಿಯಲು ಹೋಗಿ ಸುಟ್ಟುಕೊಂಡ ಮಕ್ಕಳಿದ್ದಾರೆ, ಅದೂ ಬೇಡ.

ಶೀತದ ಸಿರಪ್? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಕಡೆ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಿರಪ್ಪಿನಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಮಕ್ಕಳ ಮೂತ್ರಪಿಂಡ ಕೆಟ್ಟುಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಔಷಧಿ ಬರೆಯಬಾರದು ಎಂದು ಎಲ್ಲ ರಾಜ್ಯಗಳಿಗೆ ತಿಳಿಸಿತು. ಸಿರಪ್ಪಿನಲ್ಲಿ ವಿಷ ಇಲ್ಲದಿದ್ದರೂ ಎಳೆ ಮಗುವಿನ ಶೀತಕ್ಕೆ ಅದರಿಂದ ಉಪಯೋಗ ಇಲ್ಲ.

ಇನ್ನು ಹೊಗೆ. ಮಗುವಿನ ತಲೆ ಒಣಗಿಸಲು ಸಾಂಬ್ರಾಣಿ ಹೊಗೆ, ಸೊಳ್ಳೆಗೆ ಕಾಯಿಲ್ ಹೊಗೆ, ಬಚ್ಚಲಿನ ಒಲೆಯಲ್ಲಿ ಒದ್ದೆ ಮಡಲಿನ ಹೊಗೆ. ಎಲ್ಲ ಹೊಗೆಯೂ ಮೂಗು ಕಟ್ಟಿಸುತ್ತದೆ. ಸೊಳ್ಳೆಗೆ ಪರದೆ ಕಟ್ಟಿ. ಬೀಡಿ ಕಟ್ಟುವ ಅಕ್ಕಂದಿರು ತಡ್ಪೆಯ ಪಕ್ಕದಲ್ಲೇ ಮಗುವನ್ನು ಮಲಗಿಸುವುದು ಉಂಟು. ಹೊಗೆಸೊಪ್ಪಿನ ಧೂಳು ಗಾಳಿಯಲ್ಲಿ ಏಳುತ್ತದೆ. ಬೀಡಿ ಕಟ್ಟಬೇಡಿ ಎಂದು ಹೇಳುವುದು ಸುಲಭ, ಆದರೆ ಮನೆ ನಡೆಯುವುದೇ ಅದರಲ್ಲಿ. ಕೆಲಸವನ್ನಾದರೂ ಜಗಲಿಗೆ ತನ್ನಿ. ಮಗು ಒಳಗೆ ಇರಲಿ. ಎತ್ತಿಕೊಳ್ಳುವ ಮೊದಲು ಕೈ ತೊಳೆದು, ಮೇಲೊಂದು ಒಗೆದ ಬಟ್ಟೆ ಹೊದ್ದುಕೊಳ್ಳಿ.

ತಡ ಮಾಡಬಾರದ ಹೊತ್ತು

ಮೂಗಿನ ಶಬ್ದಕ್ಕಿಂತ ಎದೆಯನ್ನು ನೋಡಬೇಕು. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ. ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎದೆ ಒಮ್ಮೆ ಏರಿ ಇಳಿದರೆ ಒಂದು. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು ಬಂದರೆ ಪುನಃ ಒಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳಿಂದ ಒಂದು ವರ್ಷದವರೆಗಿನ ಮಗುವಿಗೆ ಆ ಲೆಕ್ಕ 50.

ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹೊಳ್ಳೆ ಅರಳುವುದು, ನರಳುವ ಶಬ್ದ, ತುಟಿ ನೀಲಿಯಾಗುವುದು, ನಡುವೆ ಉಸಿರು ನಿಲ್ಲುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ಎಣಿಸುತ್ತಾ ಕೂರಬೇಡಿ. ಎರಡು ತಿಂಗಳೊಳಗಿನ ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ 37.5 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನ 99.5 ಅಥವಾ ಹೆಚ್ಚು ತೋರಿಸಿದರೂ, ಮೈ ತಣ್ಣಗಾಗಿದ್ದರೂ ಅದೇ ಮಾತು. ಬೆಳಗಾಗಲಿ, ಮಳೆ ಬಿಡಲಿ ಎನ್ನಬೇಡಿ.

108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕಂಕನಾಡಿಯವರಿಗೆ ಹತ್ತಿರದಲ್ಲೇ 1880ರಲ್ಲಿ ಸಣ್ಣ ಔಷಧಾಲಯವಾಗಿ ಶುರುವಾದ ಫಾದರ್ ಮುಲ್ಲರ್ ಆಸ್ಪತ್ರೆ ಇದೆ. ಹಂಪನಕಟ್ಟೆ ಕಡೆಗೆ ಹೋದರೆ ಸರಕಾರದ ವೆನ್ಲಾಕ್ ಆಸ್ಪತ್ರೆ, ಅಲ್ಲಿ ಮಕ್ಕಳ ವಿಭಾಗ ಉಂಟು. ದಾರಿಯಲ್ಲಿ ಮಗುವನ್ನು ಎದೆಗೆ ಒತ್ತಿ ಬೆಚ್ಚಗೆ ಹಿಡಿದುಕೊಳ್ಳಿ, ಮುಖಕ್ಕೆ ಬಟ್ಟೆ ಮುಚ್ಚಬೇಡಿ. ತಾಯಿ ಕಾರ್ಡ್ ತೆಗೆದುಕೊಳ್ಳಿ. ಮನೆಯಲ್ಲಿ ಯಾರಾದರೂ ಏನಾದರೂ ಔಷಧಿ ಕೊಟ್ಟಿದ್ದರೆ, ಅದು ಅಪ್ಪನ ಡ್ರಾಪ್ಸೇ ಇರಲಿ, ಅಜ್ಜಿಯ ಎಣ್ಣೆಯೇ ಇರಲಿ, ಆ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ.