ಫಿರಂಗ ರೋಗದ ಕ್ರಿಮಿಯೂ ರಕ್ತಪರೀಕ್ಷೆಯೂ

ಗ್ರಂಧಿಗೆ ಅಂಗಡಿಯ ಪರಂಗಿ ಚಕ್ಕೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಹದಿನಾರನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಫಿರಂಗವೆಂಬ ರೋಗವನ್ನು ವರ್ಣಿಸಿ, ಅದು ಫಿರಂಗರ ಸಂಗದಿಂದ ಬರತಕ್ಕದ್ದೆಂದು ಹೇಳಿ, ಈ ಚಕ್ಕೆಯನ್ನೂ ರಸಕರ್ಪೂರವನ್ನೂ ವಿಧಿಸಿದ್ದಾನೆ. ಸುಶ್ರುತನಲ್ಲಿ ಉಪದಂಶವುಂಟು; ಫಿರಂಗದ ಹೆಸರಿಲ್ಲ. ಜನರು ಪರಂಗಿ ಹುಣ್ಣೆನ್ನುವ, ಇಂಗ್ಲಿಷ್ ವೈದ್ಯರು ಸಿಫಿಲಿಸ್ ಎನ್ನುವ ರೋಗವಿದೇ. ಮನೆಮಂದಿ ಓದುವ ಪತ್ರಿಕೆಯಲ್ಲಿ ಈ ಮಾತೇ ಎಂದು ಹಿರಿಯರು ಮುಖ ಸಿಂಡರಿಸಬಹುದು. ಗರ್ಭದ ಶಿಶುವಿಗೂ ಅಂಟುವ ರೋಗವನ್ನು ಮನೆಯಲ್ಲಲ್ಲದೆ ಇನ್ನೆಲ್ಲಿ ತಿಳಿಯಬೇಕು?

ನಮ್ಮ ಸೂಲಿಬೆಲೆಗೆ ಬಹಳ ದೂರವಲ್ಲದ ಬೆಂಗಳೂರು ದಂಡಿನಲ್ಲಿ ಹಿಂದೆ ‘ಲಾಕ್ ಆಸ್ಪತ್ರೆ’ ಎಂಬುದಿತ್ತು. ಸೋಲ್ಜರರಿಗೆ ರೋಗ ತಗಲದಿರಲೆಂದು ಹೆಂಗಸರನ್ನು ಅಲ್ಲಿಟ್ಟು ಚಿಕಿತ್ಸೆ ಮಾಡುತ್ತಿದ್ದರು. 1868ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕಾಗಿ ಕಾಯಿದೆಯೇ ಆಯಿತು. ಅದರಲ್ಲಿ ಗಂಡಸರ ಪರೀಕ್ಷೆಯ ಮಾತಿಲ್ಲ. ಆಗ ರೋಗದ ಕ್ರಿಮಿಯನ್ನು ಯಾರೂ ಕಂಡಿರಲಿಲ್ಲ.

ಕಂಡವರು ಬರ್ಲಿನಿನ ಶೌಡಿನ್, ಹಾಫ್‌ಮನ್ ಎಂಬಿಬ್ಬರು, 1905ರಲ್ಲಿ. ಟ್ರೆಪೊನೀಮ ಪ್ಯಾಲಿಡಮ್ ಎಂಬ ಈ ಬ್ಯಾಕ್ಟೀರಿಯವು ತಿರುಪಿನ ಸುರುಳಿಯಂತಿದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸಿಕ್ಕದಷ್ಟು ತೆಳು. ಹುಣ್ಣಿನ ರಸವನ್ನು ಗಾಜಿನ ಮೇಲಿಟ್ಟು ಬೆಳಕನ್ನು ಓರೆಯಾಗಿ ಹಾಯಿಸಿದರೆ, ಕತ್ತಲ ಕೋಣೆಯ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವಂತೆ, ಕಪ್ಪು ಹಿನ್ನೆಲೆಯಲ್ಲಿ ಅದು ಹೊಳೆದು ಹೊರಳುವುದು.

ಆದರೆ ಹುಣ್ಣು ನೋಯುವುದಿಲ್ಲ. ಕೆಲವು ವಾರಗಳಲ್ಲಿ ತಾನೇ ಮಾಯುವುದು. ರೋಗ ಹೋಯಿತೆಂದು ರೋಗಿಯು ನಂಬುವನು; ಅದು ಒಳಗೇ ಇರುವುದು. ಆದಕಾರಣ 1906ರಲ್ಲಿ ವಾಸರ್‌ಮನ್ನನು ಕ್ರಿಮಿಯನ್ನು ಬಿಟ್ಟು ರಕ್ತದಲ್ಲಿ ಅದರ ಕುರುಹನ್ನು ಹುಡುಕುವ ಉಪಾಯವನ್ನು ತೋರಿಸಿದನು. ಇಂದಿನ ವಿ.ಡಿ.ಆರ್.ಎಲ್. ಪರೀಕ್ಷೆಯು ಅದೇ ವಂಶದ್ದು. ಬೆರಳ ತುದಿಯ ರಕ್ತದಿಂದ ಅರ್ಧ ಗಂಟೆಯೊಳಗೆ ತಿಳಿಸುವ ಪಟ್ಟಿಗಳೂ ಈಗ ಉಂಟು. ಸೋಂಕಿದ ಮೊದಲ ವಾರಗಳಲ್ಲಿ ರಕ್ತವು ಏನನ್ನೂ ಹೇಳದಿರಬಹುದು. ಪಟ್ಟಿಯ ಗೆರೆಯಾದರೋ ಗುಣವಾದ ಮೇಲೂ ಸಾಮಾನ್ಯವಾಗಿ ಉಳಿಯುವುದು. ಗುಣವನ್ನು ಅಳೆಯಲು ವಿ.ಡಿ.ಆರ್.ಎಲ್. ಅಂಕ ಇಳಿಯುವುದನ್ನೇ ನೋಡಬೇಕು.

ಮೇಹದ ಗೊನೊಕಾಕಸ್ಸು, 1879ರಲ್ಲಿ ನೈಸರನು ಕಂಡದ್ದು, ಕೀವಿನ ಕಣಗಳೊಳಗೆ ಜೋಡಿ ಹುರುಳಿಕಾಳಿನಂತಿರುವುದು. ಗಂಡಸರಲ್ಲಿ ಬಣ್ಣ ಹಾಕಿ ನೋಡಿದರೆ ಸುಲಭವಾಗಿ ಕಾಣುವುದು. ಹೆಂಗಸರಲ್ಲಿ ಅನೇಕ ವೇಳೆ ತಪ್ಪಿಸಿಕೊಳ್ಳುವುದು.

ಹಳ್ಳಿಗಳಲ್ಲಿ ಹೊಟ್ಟೆಯ ಕೂಸು ಸತ್ತು ಹುಟ್ಟಿದರೆ ಸೊಸೆಯ ಕಾಲ್ಗುಣವನ್ನು ಆಡಿಕೊಳ್ಳುವುದನ್ನು ನಾವು ಕೇಳಿದ್ದೇವೆ. ಅಂಥ ಕೆಲವು ಸಾವುಗಳಿಗೆ ಈ ಸುರುಳಿಯೇ ಕಾರಣ. ಅದು ಗಂಡನಿಂದ ಬಂದಿರಬಹುದು. ಬಸುರಿಯ ಮೊದಲ ತಪಾಸಣೆಯಲ್ಲೇ ರಕ್ತವನ್ನು ನೋಡಿ, ಬೇಗನೆ ಬೆಂಜಥೀನ್ ಪೆನಿಸಿಲಿನ್ ಚುಚ್ಚಿದರೆ ಶಿಶುವು ಬಹುಮಟ್ಟಿಗೆ ಉಳಿಯುವುದು. ಸರಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ. ಅತ್ತೆಯವರು ಸೊಸೆಯನ್ನು ಕಳುಹಿಸುವಾಗ ಮಗನನ್ನೂ ಜೊತೆಗೆ ಕಳುಹಿಸಲಿ. ಅವನಿಗೆ ಮದ್ದಾಗದಿದ್ದರೆ ಗುಣವಾದವಳಿಗೆ ರೋಗವು ಮತ್ತೆ ಅಂಟುವುದು.