ಕೈ ಬದಲಿಸಿದ ಹೊತ್ತಗೆಗಳು

ಆಷಾಢದ ಮಳೆ ಕೋಟದ ಹೆಂಚಿನ ಮಾಡುಗಳ ಮೇಲೆ ಹಗಲಿರುಳೆನ್ನದೆ ಸುರಿಯುತ್ತಿರುವಾಗ, ಬೀಗ ಹಾಕಿದ ಹಳೆಯ ಮನೆಗಳ ಉಪ್ಪರಿಗೆಯಲ್ಲಿ ಸದ್ದಿಲ್ಲದೆ ಒಂದು ನಾಶಕಾರ್ಯ ನಡೆಯುತ್ತಿರುತ್ತದೆ. ಮರದ ಪೆಟ್ಟಿಗೆಯಲ್ಲಿಯೋ ಗೋಡೆಯ ಬೀರುವಿನಲ್ಲಿಯೋ ಇರಿಸಿದ ಪುಸ್ತಕಗಳಿಗೆ ಮೊದಲು ಬೂಷ್ಟು ಹಿಡಿಯುತ್ತದೆ. ಬಳಿಕ ಒರಲೆ ಹತ್ತುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಕರಾವಳಿಯಲ್ಲಿ, ಯಾರೂ ತೆರೆಯದ ಪುಸ್ತಕಕ್ಕೆ ಆಯುಷ್ಯ ಕಡಮೆ. ಓದುವ ಕೈಯೇ ಅದಕ್ಕೆ ಬಿಸಿಲು, ಅದೇ ಗಾಳಿ.

ಕೋಟಕ್ಕೂ ಅಕ್ಷರಕ್ಕೂ ಇರುವ ನಂಟು ಹೊಸತಲ್ಲ. ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಹುಟ್ಟಿದ್ದು ಈ ಊರಿನಲ್ಲಿ. ಆದರೆ ಊರು ಬಿಟ್ಟು ಹೋಗುವ ವಾಡಿಕೆಯೂ ಇಲ್ಲಿ ಅಷ್ಟೇ ಹಳೆಯದು. ಪಕ್ಕದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಹೋಗಿ 1924ರಲ್ಲಿ ತೆರೆದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು. ಹೋಟೆಲಿಗೆಂದು ಒಂದು ತಲೆಮಾರು ಹೋಯಿತು, ಉದ್ಯೋಗಕ್ಕೆಂದು ಮತ್ತೊಂದು. ಕಾರಂತರ ‘ಮರಳಿ ಮಣ್ಣಿಗೆ’ಯ ರಾಮ ಮದರಾಸಿನಲ್ಲಿ ಓದಿ ಕೊನೆಗೆ ಕಡಲ ತಡಿಯ ತನ್ನ ಮಣ್ಣಿಗೆ ಹಿಂದಿರುಗಿದನು. ಎಲ್ಲರಿಗೂ ಆ ಭಾಗ್ಯವಿಲ್ಲ. ಹಿರಿಯರು ಕಣ್ಮುಚ್ಚಿದ ಮೇಲೆ ಮಕ್ಕಳು ಒಂದು ವಾರದ ರಜೆ ಪಡೆದು ಬರುತ್ತಾರೆ. ಪಾತ್ರೆ ಪರಡಿ ಹಂಚಿಹೋಗುತ್ತವೆ. ದೇವರ ಪೆಟ್ಟಿಗೆಗೂ ಒಬ್ಬ ವಾರಸುದಾರ ಸಿಗುತ್ತಾನೆ. ಉಳಿಯುವುದು ಪುಸ್ತಕ.

ತಕ್ಕಡಿಯೋ, ಕಣ್ಣೋ?

ಇಂಥ ಮನೆಯ ಅಂಗಳಕ್ಕೆ ಇಬ್ಬರು ಬರಬಹುದು. ಒಬ್ಬನು ಗುಜರಿಯವನು, ಅವನ ಕೈಯಲ್ಲಿ ತಕ್ಕಡಿ. ಕಿಟ್ಟೆಲರ ನಿಘಂಟಿಗೂ ಹಳೆಯ ದಿನಪತ್ರಿಕೆಗೂ ಅವನಲ್ಲಿ ಒಂದೇ ದರ. ಮತ್ತೊಬ್ಬನು ಹಳೆಯ ಪುಸ್ತಕಗಳ ವ್ಯಾಪಾರಿ. ಅವನ ಬಂಡವಾಳ ಕಣ್ಣು. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಹೊರತಂದ ಆ ನಿಘಂಟಿನ ಮೊದಲ ಮುದ್ರಣ ಯಾವುದು, ಬಹುಕಾಲದ ಅನಂತರ ಬಂದ ಮರುಮುದ್ರಣ ಯಾವುದು ಎಂಬುದನ್ನು ಆತ ಮುಖಪುಟವನ್ನು ತಿರುವಿದೊಡನೆ ಹೇಳಬಲ್ಲ. ಬೆನ್ನು ಕಿತ್ತಿದ್ದರೂ ಹಾಳೆಗಳು ಪೂರ್ತಿ ಇವೆಯೇ, ಒರಲೆ ಅಂಚಿನಲ್ಲಿಯೇ ನಿಂತಿದೆಯೇ, ಅಕ್ಷರಗಳಿಗೂ ಹಬ್ಬಿದೆಯೇ ಎಂದು ಬೆರಳಿನಿಂದಲೇ ತಿಳಿಯಬಲ್ಲ.

ಈ ವೃತ್ತಿಯ ಅತ್ಯಂತ ಕಠಿನವಾದ ಗಳಿಗೆಯೂ ಇದೇ. ನೂರು ಪುಸ್ತಕಗಳ ರಾಶಿಯಲ್ಲಿ ಮಾರಾಟವಾಗಬಲ್ಲವು ಕೆಲವೇ. ಹಳೆಯ ಪಠ್ಯಗಳು, ಕಾಲ ಮೀರಿದ ಕಾನೂನು ಪುಸ್ತಕಗಳು, ಒಂದೇ ಒಂದು ಬಿಡಿ ಸಂಪುಟ – ಇವನ್ನು ಕೊಂಡರೆ ಅಂಗಡಿಯ ಜಾಗ ನಷ್ಟ, ಬಿಟ್ಟರೆ ಅವು ಗುಜರಿಯ ಪಾಲು. ಬಿಡಿ ಸಂಪುಟದ ಕಥೆಯಂತೂ ದುಃಖಕರ. ಕಾರಂತರ ‘ಬಾಲಪ್ರಪಂಚ’ಕ್ಕೆ ಮೂರು ಸಂಪುಟ, ‘ವಿಜ್ಞಾನ ಪ್ರಪಂಚ’ಕ್ಕೆ ನಾಲ್ಕು. ಅಣ್ಣತಮ್ಮಂದಿರು ಆಸ್ತಿಯೊಡನೆ ಇವನ್ನೂ ಪಾಲು ಮಾಡಿಕೊಂಡರೆಂದರೆ, ಮತ್ತೆ ಒಂದೆಡೆ ಸೇರಿಸುವುದಕ್ಕೆ ವ್ಯಾಪಾರಿ ವರ್ಷಗಟ್ಟಲೆ ಕಾಯಬೇಕು. ಕಾಯುವವನೂ ಉಂಟು, ಮೊದಲ ಸಂಪುಟವನ್ನು ಕಪಾಟಿನ ಮೇಲಿಟ್ಟು, ಎರಡನೆಯದು ಯಾವ ಊರಿನ ಯಾವ ಅಟ್ಟದಲ್ಲಿದೆಯೋ ಎಂದು ನಿರೀಕ್ಷಿಸುತ್ತಾನೆ.

ಬೆಲೆಯ ಮಾತು ಬಂದಾಗ ಮನೆಯವರ ಮುಖವೂ ಬದಲಾಗುತ್ತದೆ. ಮಾರುವವರಿಗೆ ಬೇಕಾದುದು ಬರಿಯ ಹಣವಲ್ಲ. ತಂದೆಯ ಬಾಳಿಗೆ ಒಂದು ಮರ್ಯಾದೆ. “ಇದೊಂದ್ ಇರ್ಲಿ, ಇದ್ರಗೆ ಅಪ್ಪಯ್ಯನ ಅಕ್ಷರ ಇತ್ತ್” ಎಂದು ಕಟ್ಟಿಟ್ಟ ಗಂಟಿನಿಂದ ಮಗಳು ಒಂದನ್ನು ಹಿಂದೆಗೆದರೆ, ಬಲ್ಲ ವ್ಯಾಪಾರಿ ಚೌಕಾಸಿ ಮಾಡುವುದಿಲ್ಲ. ಆ ಒಂದು ಪುಸ್ತಕ ಅವನದಲ್ಲವೆಂಬುದು ಅವನಿಗೆ ಗೊತ್ತು.

ಅಂಗಡಿಯ ದಿನಚರಿ

ಬಾಗಿಲು ತೆರೆದೊಡನೆ ಮೊದಲ ಕೆಲಸ ಧೂಳು ಕೊಡಹುವುದು. ತೇವ ತಗಲಿದವನ್ನು ಬೇರೆ ಮಾಡಿ ನೆರಳಿನ ಗಾಳಿಗೆ ಬಿಡಿಸಿಡಬೇಕು; ಸುಡುಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗುತ್ತದೆ. ಬೂಷ್ಟು ಹಿಡಿದ ಒಂದು ಪುಸ್ತಕ ಪಕ್ಕದವುಗಳಿಗೂ ಅಂಟಿಸೀತು. ಅಗ್ಗದ ಕಾಗದದಲ್ಲಿ ಅಚ್ಚಾದವುಗಳದು ಇನ್ನೊಂದು ಗೋಳು: ಮರದ ತಿರುಳಿನಲ್ಲಿ ಉಳಿದ ಅಂಶವೂ ಆಮ್ಲವೂ ಸೇರಿ ಹಾಳೆಯನ್ನು ಒಳಗಿನಿಂದಲೇ ಹಳದಿಗಟ್ಟಿಸಿ, ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತವೆ. ಇದಕ್ಕೆ ಬೇವಿನ ಎಲೆಯೂ ಇಲ್ಲ, ಕರ್ಪೂರವೂ ಇಲ್ಲ. ಇನ್ನೊಮ್ಮೆ ಅಚ್ಚು ಹಾಕುವುದೊಂದೇ ದಾರಿ.

ಆಮೇಲೆ ಬೆಲೆ ಕಟ್ಟುವುದು. ಒಳಪುಟದ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಒಂದು ಅಂಕಿ. ಶಾಯಿಯಲ್ಲಿ ಬರೆದರೆ ಪುಸ್ತಕಕ್ಕೆ ಅಪಚಾರ. ಅಚ್ಚಾದ ಬೆಲೆ ಎರಡು ರೂಪಾಯಿ ಎಂದಿರುವಾಗ ಇನ್ನೂರು ಕೇಳುವುದು ಅನ್ಯಾಯವಲ್ಲವೇ ಎಂದು ಗಿರಾಕಿ ಪ್ರಶ್ನಿಸುತ್ತಾನೆ. ಮತ್ತೊಬ್ಬ ಕೈಯೊಳಗಿನ ಮೊಬೈಲಿನಲ್ಲಿ ಇದಕ್ಕಿಂತ ಅಗ್ಗದ ಪ್ರತಿಯನ್ನು ತೋರಿಸುತ್ತಾನೆ. ಇಬ್ಬರಿಗೂ ತಾಳ್ಮೆಯಿಂದಲೇ ಉತ್ತರ ಹೇಳಬೇಕು.

ಅಂಗಡಿಯ ಬಾಡಿಗೆ ತೀರುವುದು ಅಪೂರ್ವ ಗ್ರಂಥಗಳಿಂದಲ್ಲ, ಪಠ್ಯಪುಸ್ತಕಗಳಿಂದ. ಶಾಲೆ ಕಾಲೇಜು ತೆರೆಯುವ ಮೇ–ಜೂನ್ ತಿಂಗಳುಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಲುದಾರಿಗಳಲ್ಲಿ ನೆರೆಯುವ ಗುಂಪನ್ನು ನೋಡಿದವರಿಗೆ ಇದು ತಿಳಿದ ವಿಷಯ. ಹಿಂದಿನ ವರ್ಷದ ಹುಡುಗ ಮಾರಿದ್ದನ್ನು ಈ ವರ್ಷದವನು ಕಡಮೆ ಬೆಲೆಗೆ ಕೊಳ್ಳುತ್ತಾನೆ. ಹೊಸ ಪುಸ್ತಕಕ್ಕೆ ಹಣವಿಲ್ಲದ ಎಷ್ಟೋ ಮನೆಗಳ ಮಕ್ಕಳು ಪದವಿ ಪಡೆದುದು ಈ ಕಾಲುದಾರಿಯ ಉಪಕಾರದಿಂದಲೇ. ಎಂ.ಜಿ. ರಸ್ತೆಯ ಬದಿಯಲ್ಲಿ ಪುಸ್ತಕ ಮಾರುತ್ತ ಇಂಜಿನಿಯರಿಂಗ್ ಓದಿದ ಮಾಯಿಗೌಡರು, ಈ ಶತಮಾನದ ಆರಂಭದಲ್ಲಿ ಚರ್ಚ್ ಸ್ಟ್ರೀಟಿನ ಸಣ್ಣದೊಂದು ಮಳಿಗೆಯಲ್ಲಿ ಬ್ಲಾಸಮ್ ಪುಸ್ತಕದಂಗಡಿಯನ್ನು ಆರಂಭಿಸಿ, ಅದು ಹಲವು ಮಹಡಿಗಳಿಗೆ ಬೆಳೆಯುವಂತೆ ಮಾಡಿದರು. ಅದಕ್ಕೂ ಹಿಂದೆ, 1945ರಲ್ಲಿ, ಕೆ.ಬಿ.ಕೆ. ರಾಯರು ಸೆಲೆಕ್ಟ್ ಪುಸ್ತಕದಂಗಡಿಯನ್ನು ಸ್ಥಾಪಿಸಿದ್ದರು. ಇಂಜಿನಿಯರಾಗಿದ್ದ ಅವರ ಪುತ್ರ ಕೆ.ಕೆ.ಎಸ್. ಮೂರ್ತಿಯವರು ತಂದೆಯ ದೀಪವನ್ನು ಆರಗೊಡಲಿಲ್ಲ.

ಇಂಥ ಅಂಗಡಿಗಳ ನಿಜವಾದ ಸೂಚೀಪಟ್ಟಿ ಇರುವುದು ಮಾಲಿಕನ ತಲೆಯಲ್ಲಿ. ಹೊಸ ಪುಸ್ತಕಗಳದೇ ಆದರೂ, 1971ರಿಂದ 2009ರವರೆಗೆ ಬೆಂಗಳೂರಿನಲ್ಲಿ ಟಿ.ಎಸ್. ಶಾನಭಾಗರು ನಡೆಸಿದ ಪ್ರೀಮಿಯರ್ ಅಂಗಡಿ ಇದಕ್ಕೆ ಪ್ರಸಿದ್ಧ ನಿದರ್ಶನ. ಮಾಡು ಮುಟ್ಟುವಂತೆ ಪೇರಿಸಿದ ರಾಶಿಯ ನಡುವಿನಿಂದ ಕೇಳಿದ ಪುಸ್ತಕವನ್ನು ಅವರು ನಿಶ್ಚಿತವಾಗಿ ಎಳೆದು ಕೊಡುತ್ತಿದ್ದರು. 2021ರಲ್ಲಿ ಅವರು ತೀರಿಕೊಂಡಾಗ ಊರಿನ ಓದುಗರು ಬಂಧುವನ್ನು ಕಳೆದುಕೊಂಡವರಂತೆ ಮರುಗಿದರು.

ಯಾರಿಗೆ ಲಾಭ?

ಹಳೆಯ ಪುಸ್ತಕ ಮಾರಾಟವಾದರೆ ಲೇಖಕನಿಗೆ ಗೌರವಧನವಿಲ್ಲ, ಪ್ರಕಾಶಕನಿಗೆ ಪಾಲಿಲ್ಲ. ಒಮ್ಮೆ ಕೊಂಡ ಪ್ರತಿಯನ್ನು ಮತ್ತೆ ಮಾರುವುದಕ್ಕೆ 1957ರ ಕೃತಿಸ್ವಾಮ್ಯ ಕಾನೂನಿನ ಅಡ್ಡಿಯೂ ಇಲ್ಲ. ಹಾಗಾದರೆ ಇದು ಸಾಹಿತ್ಯಕ್ಕೆ ಹಾನಿಯೇ? ತನ್ನ ಪುಸ್ತಕಗಳನ್ನು ತಾನೇ ಹೊತ್ತು ಊರೂರು ಅಲೆದು ಮಾರಿದ ಗಳಗನಾಥರ (1869–1942) ನಾಡಿನಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಆದರೆ ಮರುಮುದ್ರಣವೇ ಕಾಣದ ಕೃತಿಗೆ ಹೊಸ ಓದುಗನನ್ನು ದೊರಕಿಸುವವನು ಬೇರೆ ಯಾರಿದ್ದಾನೆ? ಸಂಶೋಧಕನಿಗೆ ಮೊದಲ ಮುದ್ರಣವನ್ನೂ, ಭಾಗವತನಿಗೆ ಅಂಗಡಿಗಳಲ್ಲಿ ಸಿಗದ ಯಕ್ಷಗಾನ ಪ್ರಸಂಗವನ್ನೂ ಹುಡುಕಿ ಕೊಡುವವನು ಇವನೇ.

ಈ ರಾಶಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ವಿಚಿತ್ರ ಪುಸ್ತಕ ಸಿಗುತ್ತದೆ. ಅದಕ್ಕೆ ಪ್ರಕಾಶಕನಿಲ್ಲ, ಬೆಲೆಯಿಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯ ಹಾಳೆಗಳನ್ನು ವಾರವಾರವೂ ಬಿಡಿಸಿಟ್ಟು, ಸೂಜಿದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ, ಮೇಲೆ ಹೆಸರನ್ನು ಕೈಯಿಂದ ಬರೆದ ಪ್ರತಿ. ಪುಸ್ತಕ ಕೊಳ್ಳುವ ಶಕ್ತಿಯಿಲ್ಲದ ಯಾವುದೋ ಮನೆಯ ಗೃಹಿಣಿ, ಒಂದು ಕಂತೂ ತಪ್ಪದಂತೆ ವರ್ಷವಿಡೀ ಕಾದು, ಅಡಿಗೆ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಕಟ್ಟಿದ ಗ್ರಂಥವದು. ತಕ್ಕಡಿಯಲ್ಲಿ ಅದು ಕಾಲು ಕಿಲೋ ತೂಗಲಾರದು. ವ್ಯಾಪಾರಿಗೆ ಅದರಿಂದ ಲಾಭವೂ ಅಷ್ಟಕ್ಕಷ್ಟೇ. ಆದರೂ ಅವನು ಅದನ್ನು ಗುಜರಿಯ ಚೀಲಕ್ಕೆ ಹಾಕದೆ, ಧೂಳು ಒರಸಿ, ಎಲ್ಲರ ಕಣ್ಣಿಗೆ ಬೀಳುವ ಕಪಾಟಿನಲ್ಲಿ ನಿಲ್ಲಿಸುತ್ತಾನೆ. ಅದನ್ನು ಕೈಗೆತ್ತಿಕೊಳ್ಳುವವರು ಒಂದು ದಿನ ಬಂದೇ ಬರುತ್ತಾರೆಂಬ ನಂಬಿಕೆಯೇ ಅವನ ಅಂಗಡಿಯ ಬಾಗಿಲನ್ನು ಮರುದಿನ ಬೆಳಿಗ್ಗೆ ತೆರೆಸುತ್ತದೆ.