ಅಪೀಲನ್ನು ಬೇರೆ ಊರಿನ ಕೋರ್ಟಿಗೆ ತರಬಹುದಾ?

ಕಳೆದ ಮಳೆಗಾಲದಲ್ಲಿ ಹುಂಚದ ಒಬ್ಬ ಉಮ್ಮ ಮದ್ರಸ ಬಿಡುವ ಹೊತ್ತಿಗೆ ಪ್ಲಾಸ್ಟಿಕ್ ಚೀಲ ಹಿಡ್ಕೊಂಡು ಬಂದರು. ಒಳಗೆ ಕೋರ್ಟಿನ ನೋಟಿಸು. ಬಾಪನ ಜಾಗದಲ್ಲಿ ತನ್ನ ಪಾಲು ಕೇಳಿ ಉಡುಪಿ ಜಿಲ್ಲೆಯ ಒಂದು ಕೋರ್ಟಿನಲ್ಲಿ ಹಾಕಿದ್ದ ದಾವೆ ಅವರ ಪರವಾಗಿ ಆಗಿತ್ತು. ಈಗ ಅಣ್ಣಂದಿರು ಅಪೀಲು ಹಾಕಿದ್ದಾರೆ.

"ಉಸ್ತಾದರೇ, ಹುಲಿಕಲ್ ಘಾಟಿ ಇಳಿದು ಹೋಗಿ ಬರ್ಲಿಕ್ಕೆ ಈ ಮೊಣಕಾಲಲ್ಲಿ ಆಗುದಿಲ್ಲ. ಕೇಸನ್ನು ಶಿವಮೊಗ್ಗಕ್ಕೆ ತರ್ಲಿಕ್ಕೆ ಆಗ್ತದಾ? ಇಲ್ಲದಿದ್ರೆ ನನಗೆ ಪಾಲೇ ಬೇಡ."

ನಾವು ವಕೀಲರಲ್ಲ. ತಿಳಿದವರನ್ನು ಕೇಳಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ದಾವೆಗೆ ಮಾತ್ರವಲ್ಲ, ಅಪೀಲಿಗೂ ಅನ್ವಯಿಸುತ್ತದೆ. ಒಂದೇ ಜಿಲ್ಲೆಯೊಳಗಾದರೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ ಸಾಕು. ಉಡುಪಿಯಿಂದ ಶಿವಮೊಗ್ಗಕ್ಕೆ ಅಂದರೆ ಜಿಲ್ಲೆ ದಾಟಿತು, ಹೈಕೋರ್ಟಿಗೇ ಹೋಗಬೇಕು. ಕಾಸರಗೋಡಿನಿಂದ ಮಂಗಳೂರಿಗಾದರೆ ರಾಜ್ಯವೇ ದಾಟಿತು. ಅದು 25ನೇ ಕಲಂ, ಸುಪ್ರೀಂ ಕೋರ್ಟಿನ ಕೆಲಸ. ಹುರುಳಿಲ್ಲದ ಅರ್ಜಿ ಅಂತ ಅಲ್ಲಿ ಕಂಡರೆ ಎದುರು ಪಕ್ಷಕ್ಕೆ 2,000 ರೂಪಾಯಿವರೆಗೆ ಪರಿಹಾರ ಕೊಡಿಸಲೂಬಹುದು.

ಆದರೆ ಕಾರಣ ಗಟ್ಟಿ ಇರಬೇಕು. ಜಯಲಲಿತಾ ಅವರ ಆಸ್ತಿ ಪ್ರಕರಣ ನೆನಪಿರಬಹುದು. ಚೆನ್ನೈಯಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಅವರು ಮತ್ತೆ ಮುಖ್ಯಮಂತ್ರಿಯಾದರು, ಸಾಕ್ಷಿಗಳು ಮಾತು ಬದಲಿಸತೊಡಗಿದರು. ಡಿಎಂಕೆಯ ಅನ್ಬಳಗನ್ ಅರ್ಜಿ ಹಾಕಿದರು. 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಕೇಸನ್ನು ಕರ್ನಾಟಕಕ್ಕೆ ಕಳಿಸಿತು. 2014ರಲ್ಲಿ ಬೆಂಗಳೂರಿನಲ್ಲಿ ಶಿಕ್ಷೆಯಾದ ಮೇಲೆ ಅಪೀಲೂ ನಮ್ಮ ಹೈಕೋರ್ಟಿಗೇ ಬಂತು. ಅಲ್ಲಿ ತಮಿಳುನಾಡು ನೇಮಿಸಿದ್ದ ಸರಕಾರಿ ವಕೀಲರೇ ವಾದ ಮಾಡಿದ್ದರು. ಅದಕ್ಕೆ ಅಧಿಕಾರ ಇರಲಿಲ್ಲ, ಕೇಸು ಕರ್ನಾಟಕಕ್ಕೆ ಬಂದ ಮೇಲೆ ನೇಮಿಸಬೇಕಾದ್ದು ಕರ್ನಾಟಕವೇ ಅಂತ 2015ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಾಗ ಬದಲಾದರೆ ಎಷ್ಟೆಲ್ಲ ಬದಲಾಗುತ್ತದೆ ನೋಡಿ!

ನಮ್ಮ ಉಮ್ಮನಿಗೆ ಅಂಥ ಭಯ ಏನೂ ಇರಲಿಲ್ಲ. ಕೋರ್ಟಿನ ಅಂಗಳದಲ್ಲಿ ಯಾರಾದರೂ ಬೆದರಿಸಿದ್ದಾರಾ ಅಂತ ಕೇಳಿದೆವು. "ಛೆ, ನನ್ನ ಅಣ್ಣಂದಿರಲ್ವಾ" ಅಂದರು. ಮೊಣಕಾಲು ನೋವು ಮತ್ತು ಬಸ್ಸು, ಅಷ್ಟೇ. ಗಂಡ ಹೆಂಡತಿ ಕೇಸಿನಲ್ಲಾದರೆ ಹೆಂಗಸಿನ ಓಡಾಟದ ಕಷ್ಟಕ್ಕೆ ಕೋರ್ಟುಗಳು ಹೆಚ್ಚು ಬೆಲೆ ಕೊಡುತ್ತವೆ. ಜಾಗದ ಕೇಸಿನಲ್ಲಿ ದೂರ ಒಂದೇ ಕಾರಣವಾದರೆ ಕಷ್ಟ. ಕೆಳಗಿನ ಕೋರ್ಟ್ ನಮ್ಮ ವಿರುದ್ಧ ಆದೇಶ ಮಾಡಿತು ಅನ್ನುವುದಂತೂ ಕಾರಣವೇ ಅಲ್ಲ.

ವಕೀಲರು ನಕ್ಕು ಕೇಳಿದ್ದು ಬೇರೆಯೇ: "ಅವರು ಬರುವುದು ಯಾಕೆ?" ಅಪೀಲಿನಲ್ಲಿ ಸಾಮಾನ್ಯವಾಗಿ ಹೊಸದಾಗಿ ಸಾಕ್ಷಿ ಹೇಳಲಿಕ್ಕಿಲ್ಲ, ಇರುವ ಕಡತದ ಮೇಲೆ ವಕೀಲರು ವಾದ ಮಾಡುತ್ತಾರೆ. ವಕಾಲತ್ತಿಗೆ ಸಹಿ ಹಾಕಿದರೆ ಪ್ರತಿ ತಾರೀಕಿಗೂ ಹೋಗಬೇಕಾಗಿಲ್ಲ. ಫೀಸಿಗೆ ದುಡ್ಡಿಲ್ಲದಿದ್ದರೆ, 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಉಮ್ಮ ಸಹಿ ಹಾಕಿದರು. ಕೇಸಿನ 16 ಅಂಕಿಯ ಸಿಎನ್‌ಆರ್ ನಂಬರನ್ನು ಮೊಮ್ಮಗ ಮೊಬೈಲಿಗೆ ಹಾಕಿ ಮುಂದಿನ ತಾರೀಕು ಓದಿ ಹೇಳಿದ. "ಇದನ್ನು ಮೊದ್ಲೇ ಯಾರೂ ಹೇಳ್ಲಿಲ್ಲ ನೋಡಿ" ಅಂದು ನೋಟಿಸನ್ನು ಮತ್ತೆ ಚೀಲಕ್ಕೆ ಹಾಕಿದರು.